ಕಾರ್ಡಿನಲ್ಲಿ ಜೂನ್-ಹೋ, ಕಿವಿಗೆ ಜುನೊ

ಹೆಸರಿನ ಹಿಂದೆ: ಓದುಗರ ಪ್ರಶ್ನೆ, ಪುಣೆಯಿಂದ ಉತ್ತರ

ಈ ಸಲದ ಟಪಾಲಿನಲ್ಲಿ ನಾಲ್ಕು ಪತ್ರಗಳು ಸುತ್ತಿ ಬಳಸಿ ಒಂದೇ ಹೆಸರಿಗೆ ಬಂದು ನಿಂತಿವೆ. ಕೊರಿಯಾದ ಗಂಡುಮಕ್ಕಳ ಹೆಸರು, ಜುನ್ಹೊ. ಅಲ್ಲಿ ಇದು ತುಂಬಾ ಬಳಕೆಯಲ್ಲಿರುವ ಹೆಸರು. ರಾಂಜಣಗಾಂವ್, ಚಾಕಣ್, ತಳೇಗಾಂವ್ ಕಡೆ ಕೊರಿಯಾದವರ ಕಾರ್ಖಾನೆಗಳಿವೆ. ಅವುಗಳಿಗೆ ಮಾಲು ಕೊಡುವ ಸಣ್ಣ ಪುಟ್ಟ ಶೆಡ್‌ಗಳೂ ಇವೆ. ಅಲ್ಲೆಲ್ಲ ದುಭಾಷಿ ಕೆಲಸ ಮಾಡುವ ನನಗೆ ಜುನ್ಹೊ ಹೆಸರಿನವರು ಆಗಾಗ ಸಿಗುತ್ತಾರೆ. ಆದ್ದರಿಂದ ಈ ಸಂಚಿಕೆಯ ಜಾಗವನ್ನೆಲ್ಲ ಈ ಹೆಸರಿಗೇ ಕೊಡುತ್ತಿದ್ದೇನೆ.

ಪ್ರಶ್ನೆ: ನಾನು ಬಾಗಲಕೋಟೆ ಕಡೆಯವನು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಗೇಟ್ ಪಾಸ್, ಗಾಡಿ, ಹೋಟೆಲ್ ಬುಕಿಂಗ್ ನೋಡಿಕೊಳ್ಳುತ್ತೇನೆ. ಕೊರಿಯಾದಿಂದ ಒಬ್ಬ ಇಂಜಿನಿಯರ್ ಬರುತ್ತಿರುತ್ತಾರೆ, ಅಡ್ಡಹೆಸರು ಕಿಮ್. ಅವರ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ 'ಜೆ ಒ ಒ ಎನ್', ಒಂದು ಸಣ್ಣ ಗೆರೆ, ಆಮೇಲೆ 'ಎಚ್ ಒ' ಅಂತಿದೆ. ಇಮೇಲ್‌ನಲ್ಲಿ 'ಜೆ ಯು ಎನ್ ಎಚ್ ಒ' ಎಲ್ಲಾ ಕೂಡಿಸಿ ಬರೆದಿದೆ. ಅವರ ಜೊತೆಯವರು ಕರೆಯುವಾಗ ನನಗೆ 'ಜುನೊ' ಅಂತ ಕೇಳಿಸುತ್ತದೆ. ನಾವೆಲ್ಲ 'ಮಿಸ್ಟರ್ ಹೋ' ಅನ್ನುತ್ತೇವೆ. ಅವರು ನಕ್ಕು ಸುಮ್ಮನಾಗುತ್ತಾರೆ. ಇದರಲ್ಲಿ ಯಾವುದು ಸರಿ?

ಉತ್ತರ: ಮೊದಲು 'ಮಿಸ್ಟರ್ ಹೋ' ಅನ್ನುವುದನ್ನು ಬಿಟ್ಟುಬಿಡಿ. ಅದು ಅರ್ಧ ಹೆಸರು. ಮಲ್ಲಿಕಾರ್ಜುನ ಅನ್ನುವವರನ್ನು 'ಮಿಸ್ಟರ್ ಅರ್ಜುನ' ಅಂತ ಕರೆದರೆ ಹೇಗೋ ಹಾಗೆ. ಅವರು ಸುಮ್ಮನಿರುವುದು ಸರಿ ಅಂತಲ್ಲ. ಕರೆದವರ ಮಾತನ್ನು ನಾಲ್ಕು ಜನರ ಮುಂದೆ ತಿದ್ದಬಾರದು ಅನ್ನುವ ಸಂಕೋಚ ಅವರಿಗೆ.

ಕೊರಿಯಾದ ಹೆಸರು ಸಾಮಾನ್ಯವಾಗಿ ಮೂರು ಅಕ್ಷರದ್ದು. ಮೊದಲ ಅಕ್ಷರ ಮನೆತನದ್ದು. ಉಳಿದ ಎರಡೂ ಸೇರಿ ಒಂದೇ ಹೆಸರು. ಕಿಮ್ ಜುನ್ಹೊ ಅಂದರೆ ಕಿಮ್ ಮನೆತನದ ಜುನ್ಹೊ, ಅಷ್ಟೇ. ತಂದೆಯ ಹೆಸರು ನಡುವೆ ಬರುವುದಿಲ್ಲ. ನಮ್ಮ ಮಹಾರಾಷ್ಟ್ರದ ಫಾರಂಗಳಲ್ಲಿ ಸ್ವಂತ ಹೆಸರು, ತಂದೆ ಹೆಸರು, ಅಡ್ಡಹೆಸರು ಅಂತ ಮೂರು ಖಾನೆ ಇರುತ್ತವೆ. ಗೇಟಿನವರಿಗೆ ಹೆಸರಿನಲ್ಲಿ ಮೂರು ತುಂಡು ಕಂಡರೆ ಸಾಕು, ಒಂದೊಂದನ್ನು ಒಂದೊಂದು ಖಾನೆಗೆ ತುಂಬಿಬಿಡುತ್ತಾರೆ. ಆಗ ಕಿಮ್ ಸ್ವಂತ ಹೆಸರಾಗುತ್ತದೆ, ಜೂನ್ ಅಪ್ಪನಾಗುತ್ತಾನೆ, ಹೋ ಅಡ್ಡಹೆಸರಾಗುತ್ತದೆ. ನಿಮ್ಮ 'ಮಿಸ್ಟರ್ ಹೋ' ಹುಟ್ಟಿದ್ದು ಹೀಗೇ ಇರಬೇಕು. ಗೇಟ್ ಪಾಸಿನಲ್ಲಿ ನಡುವಿನ ಖಾನೆ ಖಾಲಿ ಬಿಡಿ. ಜುನ್ಹೊ ಅನ್ನುವುದನ್ನು ಒಡೆಯದೆ ಮೊದಲ ಖಾನೆಗೆ ಹಾಕಿ.

ಇನ್ನು ಬರಹದ ಮಾತು. ಅವರ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ. ಒಂದು ಕಡೆ ಅವರದೇ ಲಿಪಿ ಇರುತ್ತದೆ. ಅದರ ಹೆಸರು ಹಂಗುಲ್. ದೊರೆ ಸೆಜೊಂಗ್ 1443ರಲ್ಲಿ ಅದನ್ನು ಸಿದ್ಧ ಮಾಡಿ 1446ರಲ್ಲಿ ಜನರ ಮುಂದಿಟ್ಟ. ಆ ಲಿಪಿಯಲ್ಲಿ ಈ ಹೆಸರಿಗೆ ಒಂದೇ ಒಂದು ಕಾಗುಣಿತ. ಎರಡು ಅಕ್ಷರ ಕಾಣುತ್ತವೆ. ಮೊದಲನೆಯದರಲ್ಲಿ ಎಲ್ಲಕ್ಕಿಂತ ಮೇಲೆ 'ಜ'. ಅದರ ಕೆಳಗೆ ಒಂದು ಅಡ್ಡಗೆರೆ, ಅದರಿಂದ ಕೆಳಕ್ಕೆ ಇಳಿದ ಗಿಡ್ಡ ಗೆರೆ. ಅದು 'ಉ'. ಎಲ್ಲಕ್ಕಿಂತ ಕೆಳಗೆ ಇಂಗ್ಲಿಷಿನ ಎಲ್ ಆಕಾರದ 'ನ'. ಎರಡನೆಯ ಅಕ್ಷರದಲ್ಲಿ ಮೇಲೆ 'ಹ', ಅದೊಂದು ಸೊನ್ನೆ, ನೆತ್ತಿಯ ಮೇಲೆ ಎರಡು ಗೆರೆ. ಕೆಳಗೆ ಮತ್ತೆ ಅಡ್ಡಗೆರೆ. ಈ ಸಲ ಗಿಡ್ಡ ಗೆರೆ ಮೇಲಕ್ಕೆ ನಿಂತಿರುತ್ತದೆ. ಅದು 'ಒ'. ಗೆರೆ ಕೆಳಗಿದ್ದರೆ ಉ, ಮೇಲಿದ್ದರೆ ಒ. ಒತ್ತಕ್ಷರ ಓದಿ ಬೆಳೆದ ನಮಗೆ ಒಂದರ ಕೆಳಗೊಂದು ಕೂಡಿಸಿ ಓದುವುದು ಕಷ್ಟವೇ ಅಲ್ಲ.

ಹೆಸರು ಇಂಗ್ಲಿಷಿಗೆ ಹೋದ ಮೇಲೆ ತಕರಾರು ಶುರು. ಕೊರಿಯನ್ ಅಕ್ಷರಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಲು ಮೆಕ್‌ಕ್ಯೂನ್ ಮತ್ತು ರೈಶಾವರ್ ಅನ್ನುವ ಇಬ್ಬರು ವಿದ್ವಾಂಸರು 1930ರ ದಶಕದಲ್ಲಿ ಒಂದು ಪದ್ಧತಿ ಮಾಡಿದರು. ಅದರಲ್ಲಿ ನಿಮ್ಮ ಇಂಜಿನಿಯರ ಹೆಸರು 'ಸಿ ಎಚ್'ನಿಂದ ಶುರುವಾಗುತ್ತದೆ, ಚುನ್ಹೊ ಅಂತ. ಯಾಕೆಂದರೆ ಹೆಸರಿನ ಮೊದಲಿಗೆ ಬರುವ ಆ ಅಕ್ಷರದ ಉಚ್ಚಾರ ನಮ್ಮ ಚ ಮತ್ತು ಜ ಎರಡರ ನಡುವೆ ನಿಲ್ಲುತ್ತದೆ. 2000ದಲ್ಲಿ ದಕ್ಷಿಣ ಕೊರಿಯಾ ಸರ್ಕಾರ ಹೊಸ ಪದ್ಧತಿ ತಂದಿತು. ಅದರ ಪ್ರಕಾರ 'ಜೆ ಯು ಎನ್ ಎಚ್ ಒ'. ಎರಡನ್ನೂ ಕೂಡಿಸಿ ಬರೆಯುವುದೇ ನಿಯಮ. ನಡುವೆ ಸಣ್ಣ ಗೆರೆ ಹಾಕಿದರೂ ನಡೆಯುತ್ತದೆ. ಆದರೆ ಜನ ತಮ್ಮ ಹೆಸರಿಗೆ ಈ ನಿಯಮವನ್ನೇ ಪಾಲಿಸುತ್ತಾರೆ ಅಂತೇನಿಲ್ಲ. ಮೊದಲ ಪಾಸ್‌ಪೋರ್ಟ್ ಮಾಡಿಸುವಾಗ ಹೇಗೆ ಬರೆದಿರುತ್ತಾರೋ ಅದೇ ಮುಂದೆಲ್ಲ ನಡೆದುಕೊಂಡು ಹೋಗುತ್ತದೆ, ಆಮೇಲೆ ಬದಲಾಯಿಸುವುದು ಸುಲಭವಲ್ಲ. 'ಒ ಒ' ಹಾಕಿದವರೂ ಇದ್ದಾರೆ, 'ಯು' ಹಾಕಿದವರೂ ಇದ್ದಾರೆ. ಆಸ್ಕರ್ ಪಡೆದ ನಿರ್ದೇಶಕ ಬೊಂಗ್ ಜುನ್ಹೊ ಬಳಸುವುದು 'ಒ ಒ', ನಡುವೆ ಗೆರೆ.

ಆ 'ಒ ಒ' ನೋಡಿ ನಾವು 'ಜೂನ್' ಅಂತ ಎಳೆದು ಓದಿಬಿಡುತ್ತೇವೆ, ಅಲ್ವಾ? ಎಳೆಯಬೇಡಿ. ಇಂಗ್ಲಿಷರು 'ಯು' ಕಂಡರೆ ಬೇರೆ ಏನಾದರೂ ಓದಿಯಾರು ಅನ್ನುವ ಭಯಕ್ಕೆ ಹಾಕಿದ ಅಕ್ಷರಗಳು ಅವು. ದೀರ್ಘ ತೋರಿಸಲು ಹಾಕಿದ್ದಲ್ಲ. ಈಗಿನ ಕೊರಿಯನ್ ಮಾತಿನಲ್ಲಿ ಹ್ರಸ್ವ ದೀರ್ಘದ ಭೇದ ಹೆಚ್ಚುಕಡಿಮೆ ಹೋಗಿಯೇಬಿಟ್ಟಿದೆ. ಕನ್ನಡದಲ್ಲಿ ಜುನ್ಹೊ ಅಂತಲೇ ಬರೆಯಿರಿ. ಜು ಹ್ರಸ್ವ, ಹೊ ಕೂಡ ಹ್ರಸ್ವ. ಇಲ್ಲಿ ಕನ್ನಡಕ್ಕೆ ಒಂದು ಅನುಕೂಲ ಇದೆ. ಮರಾಠಿಯಲ್ಲಿ ಹ್ರಸ್ವ 'ಒ'ಗೆ ಬೇರೆ ಅಕ್ಷರವೇ ಇಲ್ಲ, ಅವರ ಬೋರ್ಡಿನಲ್ಲಿ 'ಹೋ' ಆಗಲೇಬೇಕು. ನಮ್ಮಲ್ಲಿ ಒ ಬೇರೆ, ಓ ಬೇರೆ. ಇರುವ ಅಕ್ಷರವನ್ನು ಬಳಸೋಣ.

ನಿಮಗೆ 'ಜುನೊ' ಅಂತ ಕೇಳಿಸಿದ್ದು ಸರಿಯಾಗಿಯೇ ಕೇಳಿಸಿದೆ. ವೇಗದ ಮಾತಿನಲ್ಲಿ ನ ಮತ್ತು ಒ ನಡುವೆ ಸಿಕ್ಕ ಹಕಾರ ತೆಳುವಾಗಿಬಿಡುತ್ತದೆ. ನಾವು ಚಿಹ್ನೆ ಅಂತ ಬರೆದು ಚಿನ್ಹೆ ಅನ್ನುತ್ತೇವೆ, ಬ್ರಹ್ಮ ಅಂತ ಬರೆದು ಬ್ರಮ್ಹ ಅನ್ನುತ್ತೇವೆ. ಹಕಾರ ಎಲ್ಲ ಭಾಷೆಯಲ್ಲೂ ಜಾಗ ಬಿಟ್ಟು ಸರಿಯುವ ಅಕ್ಷರ ಅಂತ ಕಾಣುತ್ತದೆ. ಬರೆಯುವಾಗ ಮಾತ್ರ ಅದನ್ನು ಬಿಡಬೇಡಿ.

ಹಾಗಾದರೆ ಏನಂತ ಕರೆಯಬೇಕು? ಕಾರ್ಡಿನಲ್ಲಿ ಅವರ ಹುದ್ದೆ ಇರುತ್ತದೆ. ಅವರು ವಿಭಾಗದ ಮುಖ್ಯಸ್ಥರಾಗಿದ್ದರೆ 'ಬುಜಾಂಗ್'. ಅದಕ್ಕೆ ಗೌರವದ 'ನಿಮ್' ಸೇರಿಸಿ 'ಕಿಮ್ ಬುಜಾಂಗ್‌ನಿಮ್' ಅಂದರೆ ಅವರ ಮುಖ ಅರಳುತ್ತದೆ, ನೋಡಿ. ಅದು ಬಾಯಿಗೆ ಬರದಿದ್ದರೆ 'ಮಿಸ್ಟರ್ ಕಿಮ್' ಸಾಕು. ಸಮಾನ ದರ್ಜೆಯವರು 'ಜುನ್ಹೊ ಸ್ಸಿ' ಅನ್ನುತ್ತಾರೆ. ನಮ್ಮ 'ಅವರೇ' ಇದ್ದ ಹಾಗೆ ಅದು. ಗೆಳೆಯರು, ಮನೆಯ ಹಿರಿಯರು 'ಜುನ್ಹೊ ಯಾ' ಅಂತ ಕರೆಯುತ್ತಾರೆ. ಅದನ್ನು ಕೇಳಿ ನೀವೂ ಹಾಗೆ ಕರೆಯಬೇಡಿ. ಆ 'ಯಾ' ಏಕವಚನದ್ದು.

ಪ್ರಶ್ನೆ: ನಾವು ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. ಮಗಳ ಮದುವೆ ಕೊರಿಯಾದ ಹುಡುಗನ ಜೊತೆ ನಿಶ್ಚಯವಾಗಿದೆ. ಹುಡುಗನ ಹೆಸರು ಪಾರ್ಕ್ ಜೂನ್ ಹೋ. ಮದುವೆ ಕಾಗದ ಕನ್ನಡದಲ್ಲೂ ಅಚ್ಚು ಹಾಕಿಸಬೇಕು. ಹೆಸರು ಹೇಗೆ ಬರೆಸುವುದು? ನಮ್ಮ ಅತ್ತೆ ಹೆಸರಿನ ಅರ್ಥ ಏನು, ಅವರಲ್ಲಿ ಗೋತ್ರ ಉಂಟಾ ಅಂತ ದಿನಾ ಕೇಳುತ್ತಾರೆ. ಮೊಬೈಲಿನಲ್ಲಿ ನೋಡಿದರೆ ಒಂದು ಕಡೆ ಹುಲಿ ಅಂತಿದೆ, ಒಂದು ಕಡೆ ಆಕಾಶ ಅಂತಿದೆ, ಇನ್ನೊಂದು ಕಡೆ ಸರೋವರ. ಯಾವುದನ್ನು ನಂಬುವುದು?

ಉತ್ತರ: ಮೊದಲು, ಮನೆಯಲ್ಲಿ ಎಲ್ಲ ಶುಭವಾಗಿ ನಡೆಯಲಿ. ನಿಮ್ಮ ಅತ್ತೆಯವರು ಕೇಳಿದ ಎರಡೂ ಪ್ರಶ್ನೆ ನನಗೆ ತುಂಬಾ ಹಿಡಿಸಿದವು. ಕೊರಿಯಾದ ಅಜ್ಜಿಯರೂ ಇದನ್ನೇ ಕೇಳುತ್ತಾರೆ.

ಹುಲಿ, ಆಕಾಶ, ಸರೋವರ, ಮೂರೂ ಸುಳ್ಳಲ್ಲ. ಆದರೆ ಮೂರರಲ್ಲಿ ಯಾವುದು ನಿಮ್ಮ ಅಳಿಯನದು ಅನ್ನುವುದು ಮೊಬೈಲಿಗೆ ಗೊತ್ತಿಲ್ಲ. ಅವನಿಗೆ ಗೊತ್ತು, ಅವನ ಅಪ್ಪ ಅಮ್ಮನಿಗೆ ಗೊತ್ತು.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಹಂಗುಲ್ ಬರುವ ಮೊದಲು ಕೊರಿಯಾದವರು ಬರೆಯುತ್ತಿದ್ದುದು ಚೀನೀ ಅಕ್ಷರಗಳಲ್ಲಿ. ಅವುಗಳನ್ನು ಅವರು ಹಂಜ ಅನ್ನುತ್ತಾರೆ. ದಿನದ ಬರಹದಲ್ಲಿ ಹಂಜ ಈಗ ಕಡಿಮೆ, ಹೆಸರಿನಲ್ಲಿ ಮಾತ್ರ ಗಟ್ಟಿಯಾಗಿ ಉಳಿದಿದೆ. ಮಗುವಿನ ಹೆಸರು ದಾಖಲು ಮಾಡಿಸುವಾಗ ಹಂಗುಲ್ ಜೊತೆ ಹಂಜವನ್ನೂ ಕೊಡುವುದು ಹೆಚ್ಚಿನವರ ರೂಢಿ. ಹೆಸರಿಗೆ ಬಳಸಬಹುದಾದ ಹಂಜಗಳ ಪಟ್ಟಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ ಇಟ್ಟುಕೊಂಡಿದೆ. ಅದರಲ್ಲಿ 9 ಸಾವಿರಕ್ಕೂ ಜಾಸ್ತಿ ಅಕ್ಷರಗಳಿವೆ. 'ಜುನ್' ಅಂತ ಓದುವ ಹಂಜ ಹಲವು, 'ಹೊ' ಅಂತ ಓದುವ ಹಂಜ ಇನ್ನೂ ಹಲವು. ಒಂದು ಜುನ್ ಅಂದರೆ ಪ್ರತಿಭಾವಂತ, ನಾಲ್ಕು ಜನರಲ್ಲಿ ಎದ್ದು ಕಾಣುವವ. ಇನ್ನೊಂದು ಜುನ್ ಅಂದರೆ ಬೆಟ್ಟದ ಹಾಗೆ ಎತ್ತರದ್ದು. ಮತ್ತೊಂದು ಒಳ್ಳೆ ಜಾತಿಯ ಕುದುರೆ. ಮಟ್ಟ, ಅಳತೆ ಅನ್ನುವ ಅರ್ಥದ ಜುನ್ ಕೂಡ ಇದೆ. ಹೊ ಕಡೆಗೆ ಬಂದರೆ ಒಂದು ವಿಶಾಲ, ಒಂದು ಆಕಾಶ, ಒಂದು ಹುಲಿ, ಒಂದು ಸರೋವರ. ಬೆಳ್ಳಗೆ ಹೊಳೆಯುವುದು ಅನ್ನುವ ಹೊ ಕೂಡ ಉಂಟು. ಇವುಗಳಲ್ಲಿ ಒಂದು ಜುನ್, ಒಂದು ಹೊ ಆರಿಸಿ ಜೋಡಿಸಿದರೆ ಒಂದು ಹೆಸರು. ಕೇಳುವುದಕ್ಕೆ ಎಲ್ಲಾ ಒಂದೇ, ಅರ್ಥ ಮನೆಗೊಂದು. ಮೇಲೆ ಹೇಳಿದ ನಿರ್ದೇಶಕ ಬೊಂಗ್ ಜುನ್ಹೊ ಹೆಸರಿನಲ್ಲಿರುವುದು ಪ್ರತಿಭಾವಂತ ಜುನ್, ಆಕಾಶದ ಹೊ.

ಅಳಿಯನನ್ನು ಕೇಳುವ ರೀತಿ ಹೇಳಿಕೊಡುತ್ತೇನೆ. 'ನಿನ್ನ ಹೆಸರಿನ ಅರ್ಥ ಏನು' ಅಂದರೆ ಹುಡುಗರು ನಾಚಿಕೊಂಡು ಏನೋ ಒಂದು ಹೇಳಿ ಮುಗಿಸುತ್ತಾರೆ. 'ಯಾವ ಹೊ?' ಅಂತ ಕೇಳಿ. ಕೊರಿಯಾದವರು ಹಂಜವನ್ನು ಬಾಯಲ್ಲಿ ಗುರುತಿಸುವ ಕ್ರಮವೇ ಅದು, ಅರ್ಥ ಮೊದಲು, ಉಚ್ಚಾರ ಆಮೇಲೆ. 'ಹನುಲ್ ಹೊ' ಅಂದರೆ ಆಕಾಶದ ಹೊ. 'ಬೊಮ್ ಹೊ' ಅಂದರೆ ಹುಲಿಯ ಹೊ. 'ನೊಲ್ಬುಲ್ ಹೊ' ಅಂದರೆ ವಿಶಾಲ ಅನ್ನುವ ಹೊ. 'ಯಾವ ಜುನ್' ಅಂದರೂ ಹಾಗೇ, 'ನೊಪುಲ್ ಜುನ್' ಅಂದರೆ ಎತ್ತರದ ಜುನ್. ಅವನಿಗೆ ಸರಿಯಾಗಿ ನೆನಪಿಲ್ಲದಿದ್ದರೆ ಅವನ ದೇಶದ ಗುರುತಿನ ಚೀಟಿ ತೋರಿಸಲು ಹೇಳಿ. ಅದರಲ್ಲಿ ಹಂಗುಲ್ ಹೆಸರಿನ ಪಕ್ಕದಲ್ಲಿ ಕಂಸದೊಳಗೆ ಹಂಜ ಅಚ್ಚಾಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಹುಡುಕಬೇಡಿ, ಅಲ್ಲಿ ಸಿಗುವುದು ಹಂಗುಲ್ ಮತ್ತು ಇಂಗ್ಲಿಷ್ ಮಾತ್ರ.

ತಳೇಗಾಂವ್ ಕಡೆ ಒಬ್ಬರು ಹಿರಿಯ ಜುನ್ಹೊ ಅವರ ಪರಿಚಯ ನನಗಿದೆ. ಅವರು ತಮ್ಮ ಹೆಸರಿನ ಮೊಹರನ್ನು ಪುಟ್ಟ ಚರ್ಮದ ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತಾರೆ. ಕೊರಿಯಾದಲ್ಲಿ ಸಹಿಯ ಬದಲು ಮೊಹರು ಒತ್ತುವ ಪದ್ಧತಿ ಹಿಂದಿನಿಂದ ಬಂದಿದೆ. ನಾನು ಹೆಸರಿನ ಅರ್ಥ ಕೇಳಿದಾಗ ಅವರು ಬಾಯಿಂದ ಹೇಳಲಿಲ್ಲ. ಒಂದು ಹಳೇ ಚಲನ್ ತಿರುಗಿಸಿ, ಮೊಹರನ್ನು ಕೆಂಪು ಬಣ್ಣಕ್ಕೆ ಅದ್ದಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಧಾನವಾಗಿ ಎತ್ತಿದರು. ಬೆರಳುಗುರಿನಷ್ಟು ಜಾಗದಲ್ಲಿ ಮೂರು ಹಂಜ. ಕೊನೆಯದರ ಎಡಗಡೆ ಮೂರು ಸಣ್ಣ ಹನಿ ಇದ್ದವು. ಅದು ನೀರಿನ ಗುರುತು. ಅಂದರೆ ಅವರದು ನೀರು ಹರಡಿದಂತೆ ವಿಶಾಲ ಅನ್ನುವ ಹೊ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಅವರ ಅಪ್ಪನ ಹೆಸರಿನ ಹಂಜದಲ್ಲಿ ಲೋಹದ ಗುರುತು ಇತ್ತಂತೆ. ಮಗನ ಹೆಸರಿನಲ್ಲಿ ಮರದ ಗುರುತು ಇದೆಯಂತೆ. ಲೋಹದಿಂದ ನೀರು, ನೀರಿನಿಂದ ಮರ, ಮರದಿಂದ ಬೆಂಕಿ, ಬೆಂಕಿಯಿಂದ ಮಣ್ಣು, ಮಣ್ಣಿನಿಂದ ಮತ್ತೆ ಲೋಹ. ಹಳೇ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೆಸರು ಈ ಸುತ್ತಿನಲ್ಲಿ ನಡೆಯುತ್ತದೆ. ಒಂದೇ ತಲೆಮಾರಿನ ಅಣ್ಣ ತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪನ ಗಂಡುಮಕ್ಕಳು ಎಲ್ಲರ ಹೆಸರಿನಲ್ಲೂ ಒಂದು ಅಕ್ಷರ ಸಮಾನ. ಆ ಅಕ್ಷರಕ್ಕೆ ದೊಲ್ಲಿಮ್‌ಜ ಅನ್ನುತ್ತಾರೆ. ಯಾವ ತಲೆಮಾರಿಗೆ ಯಾವ ಅಕ್ಷರ ಅನ್ನುವುದು ವಂಶಾವಳಿಯ ಪುಸ್ತಕದಲ್ಲಿ ಮೊದಲೇ ಬರೆದಿರುತ್ತದೆ. ಇನ್ನೂ ಹುಟ್ಟದ ಮೊಮ್ಮಗನ ಅರ್ಧ ಹೆಸರು ಆಗಲೇ ಸಿದ್ಧ ಇರುತ್ತದೆ! ನಿಮ್ಮ ಅಳಿಯನ ಅಣ್ಣನೋ ತಮ್ಮನೋ ಇದ್ದರೆ ಅವರ ಹೆಸರು ಕೇಳಿ ನೋಡಿ. ಅವರದರಲ್ಲೂ 'ಜುನ್' ಇದ್ದರೆ ಅದು ಸುಮ್ನೆ ಬಂದಿರಲಾರದು. ಈಗಿನ ಎಳೆಯ ತಂದೆತಾಯಿಗಳಲ್ಲಿ ಅನೇಕರು ಈ ಕಟ್ಟುಪಾಡು ಬಿಟ್ಟಿದ್ದಾರೆ. ಹಂಜವೇ ಇಲ್ಲದ ಅಚ್ಚ ಕೊರಿಯನ್ ಹೆಸರು ಇಡುವವರೂ ಇದ್ದಾರೆ, ಆಕಾಶ ಅನ್ನುವ ಅರ್ಥಕ್ಕೆ ನೇರವಾಗಿ 'ಹನುಲ್' ಅಂತಲೇ ಇಟ್ಟಂತೆ.

ಅತ್ತೆಯವರಿಗೆ ಇದನ್ನೂ ಹೇಳಿ. ಅಲ್ಲಿ ಹೆಸರು ಇಟ್ಟುಕೊಡುವವರ ಅಂಗಡಿಗಳೇ ಇವೆ, ಜಾಂಗ್‌ಮ್ಯೊಂಗ್‌ಸೊ ಅಂತ. ಮಗು ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ ಹೇಳಿದರೆ ಅವರು ಲೆಕ್ಕ ಹಾಕಿ, ಹಂಜದಲ್ಲಿ ಎಷ್ಟು ಗೆರೆ ಬರುತ್ತವೆ ಅಂತ ಎಣಿಸಿ, ಹೊಂದುವ ಹೆಸರು ಸೂಚಿಸುತ್ತಾರೆ.

ಈಗ ಗೋತ್ರದ ವಿಷಯ. ಉಂಟು, ಬೇರೆ ರೂಪದಲ್ಲಿ. ಪಾರ್ಕ್ ಅನ್ನುವ ಮನೆತನದವರು ಕೊರಿಯಾದಲ್ಲಿ ಲಕ್ಷಾಂತರ ಜನ. 2015ರ ಜನಗಣತಿಯಲ್ಲಿ ಶೇ. 8.4 ಮಂದಿ ಪಾರ್ಕ್. ಅವರೆಲ್ಲ ಒಂದೇ ಬಳಿಯವರಲ್ಲ. ಮೂಲ ಪುರುಷನ ಊರು ಹಿಡಿದು ಬೇರೆ ಬೇರೆ ಕವಲುಗಳಿವೆ. ಆ ಮೂಲಸ್ಥಾನಕ್ಕೆ ಬೊನ್‌ಗ್ವಾನ್ ಅನ್ನುತ್ತಾರೆ. ಮಿರ್ಯಾಂಗ್ ಊರಿನ ಪಾರ್ಕ್‌ಗಳದು ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಕವಲು. ಒಂದೇ ಮನೆತನ, ಒಂದೇ ಮೂಲ ಊರು ಆಗಿದ್ದರೆ ಮದುವೆಯಾಗುವಂತಿಲ್ಲ ಅಂತ ಕಾನೂನೇ ಇತ್ತು. ಅಲ್ಲಿನ ಸಂವಿಧಾನ ನ್ಯಾಯಾಲಯ 1997ರಲ್ಲಿ ಅದನ್ನು ಸಂವಿಧಾನಕ್ಕೆ ಹೊಂದುವುದಿಲ್ಲ ಅಂತ ತೀರ್ಪು ಕೊಟ್ಟಿತು. ಸಗೋತ್ರ ಬೇಡ ಅನ್ನುವ ಅಜ್ಜಿಗೆ ಇದು ತಟ್ಟನೆ ಅರ್ಥವಾಗುತ್ತದೆ. 'ನಿನ್ನ ಬೊನ್‌ಗ್ವಾನ್ ಯಾವುದು' ಅಂತ ಅಜ್ಜಿಯೇ ಅಳಿಯನನ್ನು ಕೇಳಲಿ. ಅವನಿಗೆ ಆಗುವ ಸಂತೋಷ ನೀವೇ ನೋಡುತ್ತೀರಿ.

ಇನ್ನು ಮದುವೆ ಕಾಗದ. ಹುಡುಗನ ಹೆಸರನ್ನು 'ಚಿ| ರಾ| ಜುನ್ಹೊ' ಅಂತ ಒಂದೇ ಪದವಾಗಿ ಅಚ್ಚು ಹಾಕಿಸಿ. ಪ್ರೆಸ್‌ನವರು 'ಜೂನ್ ಹೋ' ಅಂತ ಬಿಡಿಸಿದರೆ ಓದುವವರಿಗೆ ಜೂನ್ ತಿಂಗಳೇ ಮೊದಲು ಹೊಳೆಯುತ್ತದೆ. ಪ್ರೂಫ್ ಬಂದಾಗ ಈ ಒಂದು ಪದವನ್ನು ನೀವೇ ಕಣ್ಣಾರೆ ನೋಡಿ.

ಮನೆತನದ ಹೆಸರು ಸ್ವಲ್ಪ ಕಷ್ಟದ್ದು. ಕೊರಿಯನ್‌ನಲ್ಲಿ ಅದರಲ್ಲಿ ರಕಾರವೇ ಇಲ್ಲ. ಬಾಕ್ ಅಂತ, ಕೊನೆಯ ಕಕಾರವನ್ನು ಗಂಟಲಲ್ಲೇ ತಡೆದು ಹೇಳುತ್ತಾರೆ. 'ಎ'ಯನ್ನು ಆ ಅಂತ ಓದಿಸುವ ಸಲುವಾಗಿ ಇಂಗ್ಲಿಷಿನಲ್ಲಿ 'ಆರ್' ಸೇರಿಕೊಂಡಿತು, ಅದೇ ಊರೆಲ್ಲ ಹಬ್ಬಿತು. ನಾನಾದರೆ 'ಬಾಕ್ ಜುನ್ಹೊ' ಅಂತಲೇ ಬರೆಸುತ್ತೇನೆ. ಆದರೆ ಹುಡುಗ ತನ್ನನ್ನು ಪಾರ್ಕ್ ಅಂತಲೇ ಹೇಳಿಕೊಳ್ಳುತ್ತಿದ್ದರೆ, ನಿಮ್ಮ ನೆಂಟರಿಗೆಲ್ಲ ಹಾಗೇ ಪರಿಚಯ ಆಗಿದ್ದರೆ, ಪಾರ್ಕ್ ಇರಲಿ. ಈ ವಿಷಯದಲ್ಲಿ ಅವನ ಮಾತೇ ಕೊನೆ. ಅವನಿಂದಲೇ ಹೆಸರನ್ನು ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಭಟ್ಟರಿಗೂ ಕೇಳಿಸಬಹುದು, ಮಂಟಪದಲ್ಲಿ ಹೆಸರು ಹೇಳುವವರು ಅವರೇ ತಾನೆ.

ಬೀಗರ ಹೆಸರು ಹಾಕುವಾಗ ಎಚ್ಚರ. ಕೊರಿಯಾದಲ್ಲಿ ಹೆಂಗಸರು ಮದುವೆಯಾದ ಮೇಲೆ ಮನೆತನದ ಹೆಸರು ಬದಲಾಯಿಸುವುದಿಲ್ಲ. ಹುಡುಗನ ಅಮ್ಮ 'ಶ್ರೀಮತಿ ಪಾರ್ಕ್' ಅಲ್ಲ. ಅವರ ಸ್ವಂತ ಪೂರ್ತಿ ಹೆಸರು ಕೇಳಿ ಬರೆಸಿ. ಮತ್ತೆ, ವಿಶೇಷ ವಿವಾಹ ಕಾಯ್ದೆಯಲ್ಲಿ ನೋಂದಣಿಗೆ ಅರ್ಜಿ ಹಾಕುವುದಾದರೆ ಅಲ್ಲಿ ಉಚ್ಚಾರದ ಮಾತೇ ಬರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೆ, ಒಂದಕ್ಷರ ಹೆಚ್ಚು ಕಡಿಮೆ ಆಗದಂತೆ.

ಪ್ರಶ್ನೆ: ಗೋವಾದ ಮಡಗಾಂವ್ ಹತ್ತಿರ ಒಂದು ಹೋಟೆಲಿನ ರಿಸೆಪ್ಶನ್‌ನಲ್ಲಿದ್ದೇನೆ, ಊರು ಹಾವೇರಿ. ಒಂದೇ ದಿನ ಇಬ್ಬರು ಬಂದರು. ಒಬ್ಬರು ಲೀ ಜುನ್ಹೊ, ಇನ್ನೊಬ್ಬರು ಲೀ ಜೂನ್ ಹೋ. ಬುಕಿಂಗ್ ಕಂಪ್ಯೂಟರ್ ಒಬ್ಬರೇ ಅಂತ ತೋರಿಸಿತು. ಅಣ್ಣ ತಮ್ಮ ಇರಬಹುದಾ? ಪೊಲೀಸರಿಗೆ ಕಳಿಸುವ ಫಾರಂನಲ್ಲಿ ಹೆಸರು ಹೇಗೆ ತುಂಬಬೇಕು?

ಉತ್ತರ: ಅಣ್ಣ ತಮ್ಮ ಆಗಿರಲಾರರು, ಒಂದೇ ಮನೆಯಲ್ಲಿ ಇಬ್ಬರಿಗೂ ಜುನ್ಹೊ ಅಂತ ಇಡುವುದಿಲ್ಲ. ಕೊರಿಯಾದಲ್ಲಿ ನೂರಕ್ಕೆ ಹೆಚ್ಚುಕಡಿಮೆ 15 ಮಂದಿ ಲೀ, 21ಕ್ಕೂ ಜಾಸ್ತಿ ಮಂದಿ ಕಿಮ್. ಅದರ ಮೇಲೆ ಜುನ್ಹೊ ಇಷ್ಟು ಬಳಕೆಯ ಹೆಸರು. ಒಂದೇ ಹೆಸರಿನ ಇಬ್ಬರು ಒಂದೇ ಹೋಟೆಲಿಗೆ ಬಂದರೆ ಆಶ್ಚರ್ಯವಿಲ್ಲ. ಹುಟ್ಟಿದ ದಿನ ಮತ್ತು ಪಾಸ್‌ಪೋರ್ಟ್ ನಂಬರ್ ನೋಡಿ ಬೇರೆ ಮಾಡಿ.

ನೀವೆಲ್ಲ ಸಿ ಫಾರಂ ಅನ್ನುವ ಆ ಮಾಹಿತಿ 24 ಗಂಟೆಯೊಳಗೆ ಹೋಗಬೇಕು, ಅವಸರ ಇರುತ್ತದೆ. ಆಗ ಬುಕಿಂಗ್ ಚೀಟಿ ನೋಡಿ ತುಂಬಬೇಡಿ. ಪಾಸ್‌ಪೋರ್ಟಿನ ಫೋಟೋ ಪುಟದ ತಳದಲ್ಲಿ ಎರಡು ಉದ್ದ ಸಾಲು ಇರುತ್ತದೆ, ಯಂತ್ರ ಓದುವುದಕ್ಕೆ. ಮೊದಲ ಸಾಲಿನಲ್ಲಿ 'ಕೆ ಒ ಆರ್' ಆದ ಮೇಲೆ ಮನೆತನದ ಹೆಸರು. ಆಮೇಲೆ ಎರಡು ಬಾಣದ ಗುರುತು. ಅದಾದ ಮೇಲೆ ಇಟ್ಟ ಹೆಸರು. ಹೆಸರಿನ ನಡುವೆ ಸಣ್ಣ ಗೆರೆಯೋ ಖಾಲಿ ಜಾಗವೋ ಇದ್ದರೆ ಆ ಯಂತ್ರದ ಸಾಲಿನಲ್ಲಿ ಒಂದೇ ಬಾಣ ಬರುತ್ತದೆ. ಟಿಕೆಟ್‌ಗಳಲ್ಲಿ ಅದೂ ಹೋಗಿ ಎಲ್ಲಾ ಕೂಡಿಕೊಂಡಿರುತ್ತದೆ. ಎರಡು ಬಾಣ ಎಲ್ಲಿದೆ ಅಂತ ನೋಡಿದರೆ ಮನೆತನ ಯಾವುದು, ಹೆಸರು ಯಾವುದು ಅನ್ನುವ ಗೊಂದಲ ಉಳಿಯುವುದಿಲ್ಲ.

ಪ್ರಶ್ನೆ: ಬೋರಿವಲಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಕೊರಿಯಾದ ಹಾಡುಗಾರರ ತಂಡ ಬಿಟಿಎಸ್‌ನ ಜಂಗ್‌ಕುಕ್ ಹೆಸರಿನ 'ಜಂಗ್', ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಹೆಸರಿನ 'ಜಾಂಗ್', ಜುನ್ಹೊ ಹೆಸರಿನ 'ಜುನ್', ಇವೆಲ್ಲ ಒಂದೇ ಅಕ್ಷರವಾ?

ಉತ್ತರ: ಒಳ್ಳೆ ಪ್ರಶ್ನೆ ಕೇಳಿದೆಯಮ್ಮ. ಮೊದಲಿನ ಎರಡು ಹಂಗುಲ್‌ನಲ್ಲಿ ಒಂದೇ ಅಕ್ಷರ. ಜುನ್ ಬೇರೆ.

ಕೊರಿಯನ್‌ನಲ್ಲಿ ಒಂದು ಸ್ವರ ಇದೆ, ನಮ್ಮಲ್ಲಿ ಅದಕ್ಕೆ ಅಕ್ಷರ ಇಲ್ಲ. ಬಾಯಿಯನ್ನು ಆ ಅನ್ನುವಷ್ಟಲ್ಲದಿದ್ದರೂ ಸ್ವಲ್ಪ ತೆರೆದು, ತುಟಿ ದುಂಡಗೆ ಮಾಡದೆ ಒ ಅಂದರೆ ಹತ್ತಿರ ಬರುತ್ತದೆ. 2000ದ ಪದ್ಧತಿಯಲ್ಲಿ ಅದನ್ನು 'ಇ ಒ' ಅಂತ ಎರಡಕ್ಷರದಲ್ಲಿ ಬರೆಯುತ್ತಾರೆ. ಜನ ಮಾತ್ರ ತಮಗೆ ತೋಚಿದಂತೆ 'ಯು' ಹಾಕುತ್ತಾರೆ, 'ಒ' ಹಾಕುತ್ತಾರೆ. ಆ ಗಾಯಕನ ಹೆಸರನ್ನೇ ನೋಡು. ಮನೆತನ ಜೊನ್, ಅದನ್ನು 'ಇ ಒ' ಹಾಕಿ ಬರೆಯುತ್ತಾರೆ. ಅದೇ ಸ್ವರ ಜಂಗ್‌ನಲ್ಲಿ ಬಂದಾಗ 'ಯು'! ಅದೇ ಜೊನ್ ಉಚ್ಚಾರದ ಇನ್ನೊಂದು ಮನೆತನ ಇದೆ, ಹಂಜ ಬೇರೆ. 1980ರಿಂದ 1988ರವರೆಗೆ ದಕ್ಷಿಣ ಕೊರಿಯಾದ ಅಧ್ಯಕ್ಷನಾಗಿದ್ದ ಜೊನ್ ದುಹ್ವಾನ್ ಆ ಮನೆತನದವ. ಅವನ ಹೆಸರನ್ನು ಇಂಗ್ಲಿಷಿನಲ್ಲಿ 'ಸಿ ಎಚ್ ಯು ಎನ್' ಅಂತ ಬರೆದರು. ಹಾಗಾಗಿ ಇಂಗ್ಲಿಷಿನಲ್ಲಿ 'ಯು' ಕಂಡ ಕೂಡಲೇ ಉ ಅಂತ ತೀರ್ಮಾನ ಮಾಡಬೇಡ. ಜುನ್ಹೊ ಹೆಸರಿನಲ್ಲಿರುವುದು ನಿಜವಾದ ಉ.

ಹಂಗುಲ್‌ನ ಮೂಲ ಅಕ್ಷರಗಳು 24, ಅದರಲ್ಲಿ ಸ್ವರ 10. ಕನ್ನಡ ಓದಲು ಬರುವವರಿಗೆ ಇದು ದೊಡ್ಡ ಕೆಲಸ ಅಲ್ಲ. ಈ ಎರಡು ಸ್ವರಗಳಿಂದಲೇ ಶುರು ಮಾಡು. ಮಲಗಿದ ಗೆರೆ, ಕೆಳಗೊಂದು ಗಿಡ್ಡ ಗೆರೆ ಬರೆದರೆ ಜುನ್‌ನ ಉ. ನಿಂತ ಗೆರೆ, ಅದರ ಎಡಕ್ಕೊಂದು ಗಿಡ್ಡ ಗೆರೆ ಬರೆದರೆ ಜಂಗ್‌ಕುಕ್ ಹೆಸರಿನ ಆ ಸ್ವರ.